ಸನ್ನೆಯಿಲ್ಲದ ಮಾತು

ಫೆಬ್ರುವರಿ 3, ಸೋಮವಾರ

ನೂಲಿನ ವ್ಯಾಪಾರಿ ಹೊಸ ವರ್ಷಕ್ಕೆಂದು ಕೊಟ್ಟ ಡೈರಿ ಇದು. ತಿಂಗಳಿಡೀ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಇವತ್ತು ಬರೆಯಬೇಕೆನಿಸಿದೆ. ಯಾರ ಮುಂದೂ ಬಾಯಿ ಬಿಟ್ಟು ಹೇಳಲಾಗದ ಮಾತು ಒಂದಿದೆ, ಅದಕ್ಕೆ.

ಮಗಳು ಐಶ್ವರ್ಯಳಿಗೆ ಎರಡು ವರ್ಷ ಮೂರು ತಿಂಗಳು. ಇನ್ನೂ ಒಂದು ಮಾತು ಆಡಿಲ್ಲ. ಅಪ್ಪ ಅಂದಿಲ್ಲ, ಅವ್ವ ಅಂದಿಲ್ಲ. ನಗುತ್ತಾಳೆ, ಅಳುತ್ತಾಳೆ, ಬೇಕಾದ್ದನ್ನು ಕೈ ತೋರಿಸಿ ಕೇಳುತ್ತಾಳೆ. ಇವತ್ತು ಓಣಿಯಲ್ಲಿ ಯಾರೋ ಗಂಗಾಂಬಿಕೆಯ ಎದುರಿಗೇ ‘ಮೂಗಿ’ ಅಂದರಂತೆ. ನನ್ನ ಹೆಂಡತಿ ಮನೆಗೆ ಬಂದವಳೇ ಲಾಳಿಯ ನೂಲನ್ನು ಕಂಡಿಕೆಗೆ ಸುತ್ತುತ್ತ ಕೂತಳು. ಮೂರು ತಾಸು ತಲೆ ಎತ್ತಲಿಲ್ಲ.

ಬುಧವಾರ ಜಮಖಂಡಿಗೆ ಕಿವಿ ಡಾಕ್ಟರ ಹತ್ತಿರ ಹೋಗುವುದೆಂದು ಗೊತ್ತುಮಾಡಿದ್ದೇನೆ. ಹೆದರಿಕೆ ಆಗಿದೆ. ಇಲ್ಲಿ ಬರೆದರೆ ಯಾರು ನೋಡುತ್ತಾರೆ, ಬರೆದುಬಿಡುತ್ತೇನೆ: ಬಹಳ ಹೆದರಿಕೆ ಆಗಿದೆ.

ಫೆಬ್ರುವರಿ 5, ಬುಧವಾರ

ಡಾಕ್ಟರ ಹೆಸರು ನೇತ್ರಾ, ನೋಡುವುದು ಕಿವಿ. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಐಶುವಿನ ಕಿವಿಗೆ ಏನೇನೋ ಹಚ್ಚಿ ಅರ್ಧ ತಾಸು ಪರೀಕ್ಷೆ ಮಾಡಿದರು.

“ಕಿವಿ ಏಕದಂ ಛಲೋ ಅದಾವ್ರಿ,” ಅಂದರು. “ನೀವು ಏನ ಕೆಲಸ ಮಾಡ್ತೀರಿ?”

“ಮಗ್ಗರೀ. ಬನಹಟ್ಟಿ. ಮನ್ಯಾಗ ನಾಕು ಪವರ್‌ಲೂಮ್ ಅದಾವು.”

“ಯಾಕ ಒದರತೀರಿ? ನಾ ಇಲ್ಲೇ ಕುಂತೀನಲ್ರಿ.”

ನಾನು ಒದರಿರಲಿಲ್ಲ, ಮಾತಾಡಿದ್ದೆ. ಗಂಗಾಂಬಿಕೆ ನೆಲ ನೋಡಿ ನಕ್ಕಳು. ಅಷ್ಟರಲ್ಲಿ ಐಶು ಅವಳ ಸೆರಗು ಜಗ್ಗಿ, ಮುಖ ತನ್ನ ಕಡೆ ತಿರುಗಿಸಿಕೊಂಡು, ತುಟಿ ಅಲುಗಿಸಿದಳು. ದಿನಾ ಹಾಗೆ ಮಾಡುತ್ತಾಳೆ. ಡಾಕ್ಟರು ಪೆನ್ನು ಕೆಳಗಿಟ್ಟರು.

“ಈಗ ಏನ ಮಾಡಿದ್ಲು ಆಕಿ?”

“ನೀರ ಕೇಳಿದ್ಲರಿ,” ಅಂದಳು ಗಂಗಾಂಬಿಕೆ.

“ದನೀನ ಬರಲಿಲ್ಲಲ್ಲ. ನಿಮಗ ಹ್ಯಾಂಗ ತಿಳೀತು?”

ಹೇಗೆ ತಿಳಿಯಿತು ಅಂದರೆ ಏನು ಹೇಳುವುದು? ನಾಲ್ಕು ಮಗ್ಗ ಬಡಿಯುವ ಮನೆಯಲ್ಲಿ ದನಿ ತೆಗೆದು ಉಪಯೋಗವಿಲ್ಲ. ತುಟಿ ನೋಡುತ್ತೇವೆ, ಕೈ ನೋಡುತ್ತೇವೆ. ನನ್ನ ಅಪ್ಪನೂ ಹೀಗೇ ಮಾತಾಡುತ್ತಿದ್ದ, ನಾವೂ ಹೀಗೇ. ಅದನ್ನು ಹೇಳಿದಾಗ ಡಾಕ್ಟರು ಕುರ್ಚಿ ಹಿಂದೆ ಸರಿಸಿ ನನ್ನ ಮಗಳನ್ನು ಬೆರಗಾಗಿ ನೋಡಿದರು.

“ಈಕಿ ಮಾತಾಡಾಕತ್ತಾಳ್ರಿ. ನೀವು ಹ್ಯಾಂಗ ಆಡ್ತೀರಿ ಹಂಗ ಆಡಾಕತ್ತಾಳ. ಮಾತಿಗೆ ದನಿ ಬೇಕು ಅಂತ ಆಕಿಗೆ ಯಾರ ತೋರಿಸ್ಯಾರ?”

“ವಾರಕ್ಕ ಒಂದಿನ ಸೂಟಿ ಇರತೈತ್ರಿ ಮಗ್ಗಕ್ಕ.”

“ಅವತ್ತ ಏನ ಮಾಡ್ತೀರಿ?”

“ಟೀವಿ ಹಚ್ತೀವ್ರಿ.”

ಡಾಕ್ಟರು ನಗಲಿಲ್ಲ. ಹತ್ತು ದಿನವಾದರೂ ಸಪ್ಪಳವಿಲ್ಲದ ಜಾಗಕ್ಕೆ ಕರೆದುಕೊಂಡು ಹೋಗಿ, ಎದುರಿಗೆ ಕೂತು ಮಾತಾಡಿಸಿ ಅಂದರು. ಮೂರು ವರ್ಷ ತುಂಬುವುದರೊಳಗೆ ದನಿ ಹೊರಟರೆ ಚಿಂತೆಯಿಲ್ಲ. ಆಮೇಲೆ ದೊಡ್ಡ ಊರಿಗೆ ಕಳಿಸಿ ತಿಂಗಳುಗಟ್ಟಲೆ ಕಲಿಸಬೇಕಾಗುತ್ತದೆ, ಎಷ್ಟು ಬರುತ್ತದೋ ಹೇಳಲಾಗದು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ತುಟಿಗಳನ್ನೇ ನೋಡಿದೆ. ಕಿಟಕಿಯ ಹೊರಗೆ ಕಂಡ ಎಮ್ಮೆಗೆ, ಕಬ್ಬಿನ ಗಾಡಿಗೆ, ಎಲ್ಲಕ್ಕೂ ಏನೋ ಹೇಳುತ್ತಲೇ ಇದ್ದಳು. ಎರಡು ವರ್ಷ ನನ್ನ ಮನೆಯಲ್ಲಿ ಒಬ್ಬಳು ಇಷ್ಟು ಮಾತಾಡಿದ್ದಾಳೆ, ನಾನು ಮೂಗಿಯೆಂದು ಹೆದರಿ ಕೂತಿದ್ದೆ.

ಫೆಬ್ರುವರಿ 6, ಗುರುವಾರ

ಎಲ್ಲಿಗೆ ಹೋಗುವುದು? ನಮ್ಮ ನಾಲ್ಕು ಮಗ್ಗ ನಿಲ್ಲಿಸಿದರೆ ಎಡಕ್ಕೆ ಆರು, ಬಲಕ್ಕೆ ಎಂಟು, ಹಿಂದೆ ಲೆಕ್ಕವಿಲ್ಲ. ನನ್ನ ಅವ್ವ ಹೇಳಿದ್ದು, “ಗಲಗಲಿಗೆ ಹೋಗ್ರಲ್ಲ. ನಿನ್ನ ಹೆಂಡ್ತಿ ತವರಮನಿ ಐತಿ, ಹೊಳಿ ಐತಿ, ತಂಪ ಐತಿ.”

ಸರಿಯಾದ ಮಾತೇ. ಆದರೆ ನನ್ನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ಒಂದನೇ ಮಗ್ಗದ ಮೇಲೆ ಹಿಮದ ಬೆಟ್ಟದ ಚಿತ್ರವಿದೆ. ನಾನು ಏಳನೇ ಇಯತ್ತೆಯಲ್ಲಿದ್ದಾಗಿನದು. ತಾರೀಖಿನ ಹಾಳೆಗಳು ಹೋಗಿ ಇಪ್ಪತ್ತೆರಡು ವರ್ಷವಾಗಿರಬೇಕು, ಬೆಟ್ಟ ಉಳಿದಿದೆ. ಹಿಮ ಬೀಳುವಾಗ ಸಪ್ಪಳವೇ ಆಗುವುದಿಲ್ಲ ಎಂದು ಆಗ ಮಾಸ್ತರರು ಹೇಳಿದ್ದರು. ಆಕಾಶದಿಂದ ಒಂದು ವಸ್ತು ಅಷ್ಟೊಂದು ಬೀಳುವುದು, ಸದ್ದಿಲ್ಲದೆ! ಅದನ್ನು ನಂಬಲು ಆಗಿರಲಿಲ್ಲ, ಇವತ್ತಿಗೂ ಪೂರ್ತಿ ನಂಬಿಲ್ಲ.

ಗಂಗಾಂಬಿಕೆಗೆ ಕ್ಯಾಲೆಂಡರ್ ತೋರಿಸಿದೆ. ಅವಳು ತುಟಿ ಅಲುಗಿಸಿದಳು: ಹುಚ್ಚ ಹಿಡದೈತಿ.

ಫೆಬ್ರುವರಿ 8, ಶನಿವಾರ

ಹಿಡಿದಿದ್ದು ನಿಜ. ಮುಂಜಾನೆ ಎಂಟಕ್ಕೆ ರಿಸರ್ವೇಶನ್ ತೆರೆಯಿತು, ಎಂಟೂ ಎರಡಕ್ಕೆ ಮೀರಜದಿಂದ ದಿಲ್ಲಿಗೆ ಎರಡು ಸೀಟು ನನ್ನದಾದವು. ಏಪ್ರಿಲ್ 9. ಕೂಸಿಗೆ ಟಿಕೀಟು ಬೇಡ. ದಿಲ್ಲಿಯಿಂದ ಮನಾಲಿಗೆ ಬಸ್ಸು. ಗಂಗಾಂಬಿಕೆ ಬೈದಳು, ಆಮೇಲೆ ಸಂಜೆ ಹೊತ್ತಿಗೆ, “ಅಲ್ಲಿ ಹಾಲ ಸಿಗತೈತೇನ?” ಎಂದು ಕೇಳಿದಳು. ಒಪ್ಪಿದಳು ಅಂತ ಅರ್ಥ.

ಫೆಬ್ರುವರಿ 16, ಭಾನುವಾರ

ಒಂದು ವಾರದಿಂದ ಮೂರು ಹಾಳೆ ಯಾದಿ ಮಾಡಿದ್ದೇನೆ. ಕೂಸಿನ ಟೋಪಿ ಎರಡು, ಕಾಲುಚೀಲ ಆರು ಜೊತೆ, ಜ್ವರದ ಔಷಧ, ಬೆಲ್ಲ, ಹುರಿಗಡಲೆ ಹಿಟ್ಟು, ಅವ್ವ ಬಡಿದು ಒಣಗಿಸಿಕೊಡುವ ಖಡಕ್ ರೊಟ್ಟಿ ನಲವತ್ತು. ಐಶು ಹಾಲಿನಲ್ಲಿ ಕಲಸಿದ ರೊಟ್ಟಿ ಬಿಟ್ಟು ಬೇರೆ ತಿನ್ನುವುದಿಲ್ಲ. ಡಾಕ್ಟರಿಗೆ ಫೋನು ಮಾಡಿ ಕೇಳಿದ್ದಕ್ಕೆ, ಹಗಲು ಹಿಮ ನೋಡಿ ಬನ್ನಿ, ಮಲಗುವುದು ಕೆಳಗಿನ ಹಳ್ಳಿಯಲ್ಲೇ ಇರಲಿ ಅಂದರು. ಅದನ್ನೂ ಯಾದಿಯಲ್ಲಿ ಬರೆದೆ.

ಮಧ್ಯಾಹ್ನ ಶಾಲೆಯ ಹಳೇ ನಕಾಶೆ ಹಾಸಿ, ಬನಹಟ್ಟಿಯಿಂದ ಮನಾಲಿಯವರೆಗೆ ಕೆಂಪು ನೂಲು ಇಟ್ಟು ಅಳೆದೆ. ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರು. ಸೀರೆ ಲೆಕ್ಕದಲ್ಲಿ ಎಷ್ಟಾಗುತ್ತದೆ ನೋಡೋಣವೆಂದು ಹಾಕಿದೆ. ಐದೂವರೆ ಮೀಟರಿನ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿ ಹಾಸುತ್ತ ಹೋದರೆ ಮೂರು ಲಕ್ಷ ಅರವತ್ತಮೂರು ಸಾವಿರ ಸೀರೆ ಬೇಕು. ನಮ್ಮ ನಾಲ್ಕು ಮಗ್ಗ ದಿನಕ್ಕೆ ಹನ್ನೆರಡು ನೇಯುತ್ತವೆ. ಅಂದರೆ ಒಂದು ದಿನ ಬಿಡದೆ ನೇಯ್ದರೂ ಹಿಮ ಮುಟ್ಟಲು ಎಂಬತ್ತಮೂರು ವರ್ಷ.

ಅಪ್ಪ, ನಾನು ಸೇರಿ ನೇಯ್ದದ್ದು ಇನ್ನೂ ಎಲ್ಲಿಗೆ ಮುಟ್ಟಿರಬಹುದು? ದಿಲ್ಲಿಯನ್ನಂತೂ ದಾಟಿರಲಾರದು. ಆ ದಾರಿಯನ್ನು ರೈಲು ಎರಡು ದಿನದಲ್ಲಿ ಹೋಗುತ್ತದಂತೆ.

ಫೆಬ್ರುವರಿ 23, ಭಾನುವಾರ

ಗಲಗಲಿಗೆ ಹೋಗಿ ಬಂದೆವು. ದೊಡ್ಡ ಪ್ರಯಾಣಕ್ಕೆ ಮುಂಚೆ ಒಂದು ಸಣ್ಣ ಪರೀಕ್ಷೆ ಆಗಲಿ ಅಂತ ನನ್ನದೇ ಏರ್ಪಾಡು. ಯಾದಿಯ ಪ್ರಕಾರ ಚೀಲ ತುಂಬಿ, ಬಸ್ಸಿನ ಹೊತ್ತು ಬರೆದುಕೊಂಡು, ಎಲ್ಲ ಸಜ್ಜಾಗಿ ಹೊರಟೆ. ಕುಡಿಯುವ ನೀರು ಮರೆತೆ.

ಊಟವಾದ ಮೇಲೆ ಹೊಳೆಗೆ ಹೋದೆವು. ಕೃಷ್ಣೆ ಅಷ್ಟು ಅಗಲಕ್ಕೆ ಸುಮ್ಮನೆ ಬಿದ್ದುಕೊಂಡಿದ್ದಳು. ಐಶುವನ್ನು ದಡದಲ್ಲಿ ಕೂಡಿಸಿ ಎದುರಿಗೆ ಕೂತು “ಅಪ್ಪಾ ಅನ್ನು, ಅಪ್ಪಾ” ಎಂದೆ. ಹತ್ತು ಸಲ ಎಂದೆ. ಅವಳು ನನ್ನ ಬಾಯನ್ನು ಬಹಳ ಆಸಕ್ತಿಯಿಂದ ನೋಡಿ, ದನಿಯಿಲ್ಲದೆ, ಸರಿಯಾಗಿ ತುಟಿ ಕೂಡಿಸಿ ಬಿಡಿಸಿದಳು. ಅಷ್ಟರಲ್ಲಿ ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ದಂಡೆಯ ರಸ್ತೆಗೆ ಬಂದವು. ಒಂದೊಂದರ ಮೇಲೂ ಎರಡೆರಡು ಸ್ಪೀಕರು, ಒಂದೊಂದಕ್ಕೂ ಬೇರೆ ಹಾಡು. ನಾನು ಎದ್ದು ಕೈ ಎತ್ತಿ ಕೂಗಾಡಿದೆ. ಡ್ರೈವರನೂ ಖುಷಿಯಿಂದ ಕೈ ಎತ್ತಿದ.

ಹೆಂಡತಿಯ ತಮ್ಮ ಗಿರಿಮಲ್ಲಪ್ಪ ಹೊಟ್ಟೆ ಹಿಡಿದು ನಕ್ಕ. “ಮಾಮಾ, ಕೂಸಿಗೆ ಮಾತ ಕಲಸಾಕ ಬಂದೀರೋ, ಪೊಲೀಸರಂಗ ಗಾಡಿ ನಿಲ್ಲಸಾಕ ಬಂದೀರೋ?”

“ಹಿಮದಾಗ ಟ್ರ್ಯಾಕ್ಟರ್ ಇರಂಗಿಲ್ಲ,” ಎಂದೆ.

“ಆಕಿ ಮಾತ ಮಗ್ಗದಾಗ ಸಿಕ್ಕಿಲ್ಲ ಮಾಮಾ, ನಿಮ್ಮ ಗಡಿಬಿಡ್ಯಾಗ ಸಿಕ್ಕೈತಿ.”

ಸಿಟ್ಟು ಬಂತು. ಬಂದದ್ದನ್ನು ಇಲ್ಲಿ ಬರೆದು ಮುಗಿಸುತ್ತೇನೆ.

ಮಾರ್ಚ್ 2, ಭಾನುವಾರ

ಹೊಸ ತೊಡಕು. ಗಲಗಲಿಯಲ್ಲಿ ಐಶು ಮಧ್ಯಾಹ್ನ ಕಣ್ಣು ಮುಚ್ಚಲೇ ಇಲ್ಲ. ಮನೆಗೆ ಬಂದು ಮಗ್ಗದ ಪಕ್ಕ ಕಟ್ಟಿದ ಜೋಳಿಗೆ ತೊಟ್ಟಿಲಿಗೆ ಹಾಕಿದೊಡನೆ ಮಲಗಿದಳು. ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ ಸಪ್ಪಳ, ಅದಿಲ್ಲದೆ ನಿದ್ದೆ ಹೇಗೆ ಬಂದೀತು? ಅಲ್ಲಿ ಹತ್ತು ದಿನ ನಿದ್ದೆಯಿಲ್ಲದಿದ್ದರೆ ಗತಿ ಏನು?

ಉಪಾಯ ಹೊಳೆಯಿತು. ಮೊಬೈಲನ್ನು ಎರಡನೇ ಮಗ್ಗದ ಹತ್ತಿರ ಇಟ್ಟು ಮೂರು ತಾಸು ಸಪ್ಪಳ ತುಂಬಿಸಿದೆ. ಯಾದಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದೇನೆ. ಇದು ಯಾರಿಗೂ ಹೊಳೆಯುತ್ತಿರಲಿಲ್ಲ.

ಮಾರ್ಚ್ 9, ಭಾನುವಾರ

ಚನಮಲ್ಲಪ್ಪ ಕಾಕಾ ನಮ್ಮಲ್ಲಿ ನೇಯಲು ಬಂದು ಮೂವತ್ತು ವರ್ಷವಾಯಿತು. ನಾವು ಇಲ್ಲದಾಗ ಮಗ್ಗ ನೋಡಿಕೊಳ್ಳುವವರು ಅವರೇ. ಇವತ್ತು ಅವರನ್ನು ಕೂಡಿಸಿಕೊಂಡು ಐಶುವಿಗೆ ಎಷ್ಟು ಸನ್ನೆ ಬರುತ್ತವೆ ಎಂದು ಎಣಿಸಿದೆ. ಬೆರಳೆರಡನ್ನು ಜೋಡಿಸಿ ಜಗ್ಗಿ ಬಿಟ್ಟರೆ ಎಳೆ ಹರಿಯಿತು. ಹೆಬ್ಬೆರಳು ಬಾಯಿಗೆ ಒಯ್ದರೆ ಚಹಾ. ಹಣೆ ಮುಟ್ಟಿದರೆ ಅಜ್ಜಿ ಕರೆಯುತ್ತಾಳೆ. ಮುಷ್ಟಿ ಆಡಿಸಿದರೆ ಲಾಳಿಯಲ್ಲಿ ಕಂಡಿಕೆ ಮುಗಿಯಿತು. ಹತ್ತೊಂಬತ್ತು! ಕೆಲಸಕ್ಕೆ ಬಂದ ಆಳುಗಳಿಗೆ ಆರು ತಿಂಗಳಲ್ಲಿ ಇಷ್ಟು ಬರುವುದಿಲ್ಲ. ಅವಳು ಎರಡು ವರ್ಷದ ಕೂಸು, ನಮ್ಮ ನಾಲ್ಕು ಗೋಡೆಯೊಳಗಿನ ಭಾಷೆಯನ್ನೆಲ್ಲ ಕಣ್ಣಿನಿಂದಲೇ ಕುಡಿದಿದ್ದಾಳೆ.

ಇಪ್ಪತ್ತು ತುಂಬಲಿ ಅಂತ ಕೇಳಿದೆ, “ಕಾಕಾ, ಕರೆಂಟ ಹೋತು ಅನ್ನಾಕ ಸನ್ನಿ ಹ್ಯಾಂಗ ಮಾಡೂದ್ರಿ?”

ಕಾಕಾ ನಕ್ಕರು. “ಏ ತಮ್ಮಾ, ಅದಕ್ಕ ಸನ್ನಿ ಎಲ್ಲೈತಿ? ಕರೆಂಟ ಹೋತಂದ್ರ ಮಗ್ಗ ನಿಂತಾವು. ಬಾಯಿಲೇ ಅಂತಾರ.”

ಹತ್ತೊಂಬತ್ತಕ್ಕೇ ನಿಂತಿತು.

ಮಾರ್ಚ್ 18, ಮಂಗಳವಾರ

ಬಿಸಿಲು ಏರಿತು, ಕರೆಂಟು ಆಟ ಹೂಡಿತು. ಇವತ್ತು ನಾಲ್ಕು ಸಲ ಹೋಯಿತು. ಪ್ರತಿಸಲ ಅದೇ ಕತೆ. ಅವ್ವ ಅಡಿಗೆಮನೆಯಿಂದ “ಕರೆಂಟ ಹೋತು!” ಅಂತ ರಾಗವಾಗಿ ಕೂಗುತ್ತಾಳೆ. ನಾನು ಬೈಯುತ್ತ ಬೀದಿಯ ಕಂಬದ ಕಡೆ ಓಡುತ್ತೇನೆ. ಗಂಗಾಂಬಿಕೆ ನಿಂತ ಮಗ್ಗದಲ್ಲಿ ಹರಿದ ಎಳೆ ಹುಡುಕುತ್ತಾಳೆ. ಅವ್ವ ನನ್ನ ಬೆನ್ನಿಗೆ, “ಬರತೈತಿ ತಗೋ!” ಅನ್ನುತ್ತಾಳೆ.

ನಿದ್ದೆಯಲ್ಲಿದ್ದ ಐಶು ಜೋಳಿಗೆಯಲ್ಲಿ ಎದ್ದು ಕೂಡುತ್ತಾಳೆ. ಅಳುವುದಿಲ್ಲ. ಒಬ್ಬೊಬ್ಬರ ಮುಖ ನೋಡುತ್ತಾಳೆ. ಸಪ್ಪಳ ನಿಂತದ್ದಕ್ಕೆ ಹೆದರುತ್ತಾಳೆ ಅನಿಸುತ್ತದೆ. ಮೊಬೈಲಿನ ಉಪಾಯ ಮಾಡಿದ್ದು ಒಳ್ಳೆಯದೇ ಆಯಿತು.

ಏಪ್ರಿಲ್ 5, ಶನಿವಾರ

ಚೀಲಗಳೆಲ್ಲ ಸಜ್ಜಾಗಿವೆ. ಬಟ್ಟೆ ಮಡಿಸುತ್ತಿದ್ದ ಗಂಗಾಂಬಿಕೆ ಕೈ ನಿಲ್ಲಿಸಿ ಕೇಳಿದಳು. ಸನ್ನೆಯಲ್ಲಲ್ಲ, ನನ್ನ ಕಿವಿಯ ಹತ್ತಿರ ಬಂದು, ಬಾಯಿಂದ.

“ರೀ, ಅಲ್ಲೂ ಆಕಿ ಮಾತಾಡಲಿಲ್ಲಂದ್ರ?”

ನಾನು ಮೂರು ಹಾಳೆಯ ಯಾದಿ ತೆಗೆದು ಮತ್ತೆ ಮೊದಲಿನಿಂದ ಓದಿದೆ.

ಏಪ್ರಿಲ್ 9, ಬುಧವಾರ, ಮೀರಜ ಸ್ಟೇಶನ್

ಕುಡಚಿ ದಾಟಿ ಕೃಷ್ಣೆಯ ಸೇತುವೆ ಬಂದಾಗ, ಅವ್ವ ಕೊಟ್ಟ ಒಂದು ರೂಪಾಯಿ ಬಿಲ್ಲೆಯನ್ನು ಹೊಳೆಗೆ ಹಾಕಲೆಂದು ಐಶುವಿನ ಕೈಗೆ ಕೊಟ್ಟೆವು. ಮೊದಲ ಸಲ ಹೊಳೆ ದಾಟುವ ಕೂಸು. ಅವಳು ಹಾಕಲಿಲ್ಲ. ಮುಷ್ಟಿ ಗಟ್ಟಿ ಹಿಡಿದು ನೀರು ನೋಡಿದಳು, ನಮ್ಮನ್ನು ನೋಡಿದಳು. ಸೇತುವೆ ಮುಗಿಯಿತು. “ಇರಲಿ ಬಿಡ್ರಿ, ಬರುವಾಗ ಹಾಕತಾಳ,” ಅಂದಳು ಗಂಗಾಂಬಿಕೆ. ಯಾದಿಯಲ್ಲಿ ಗೀಟು ಹಾಕದೆ ಬಿಟ್ಟ ಮೊದಲ ಕೆಲಸ ಇದು.

ಮೊಬೈಲು ಚಾರ್ಜು ತುಂಬಿದೆ.

ಏಪ್ರಿಲ್ 10, ಗುರುವಾರ, ರೈಲಿನಲ್ಲಿ

ದೇಶ ಇಷ್ಟು ದೊಡ್ಡದೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರು, ನಕಾಶೆಯಲ್ಲಿ ನೂಲಿಟ್ಟು ನಾನೇ ಅಳೆದಿದ್ದೆ, ಆದರೂ ಗೊತ್ತಿರಲಿಲ್ಲ. ಬೆಳಗಿನಿಂದ ಕಿಟಕಿ ಬಿಟ್ಟು ಎದ್ದಿಲ್ಲ. ಕಬ್ಬು ಹೋಗಿ ಹತ್ತಿ ಬಂತು, ಹತ್ತಿ ಹೋಗಿ ಗೋಧಿ. ನರ್ಮದೆಯನ್ನು ದಾಟುವಾಗ ಬೋಗಿಯಲ್ಲಿದ್ದವರೆಲ್ಲ ಕೈ ಮುಗಿದರು, ನಾನೂ ಮುಗಿದೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ. ಐಶು ಮಾತ್ರ ಎಲ್ಲರ ಜೊತೆ ಮಾತಾಡುತ್ತಿದ್ದಾಳೆ. ಹೆಬ್ಬೆರಳು ಬಾಯಿಗೆ ಒಯ್ದು ತೋರಿಸಿದರೆ ಚಹಾ ಎಂದು ಇಡೀ ಬೋಗಿಗೆ ಗೊತ್ತಾಗಿದೆ.

ಮಲಗಿಸುವ ತೊಂದರೆಯೇ ಆಗಲಿಲ್ಲ. ರೈಲಿನ ಸಪ್ಪಳಕ್ಕೆ ಹಾಯಾಗಿ ಮಲಗಿದಳು. ನಿಂತರೆ ಮಾತ್ರ ಎಚ್ಚರ. ಎದ್ದು, ಎರಡು ಬೆರಳು ಜೋಡಿಸಿ ಜಗ್ಗಿ ಬಿಡುತ್ತಾಳೆ: ಎಳೆ ಹರಿಯಿತು. ಮಗ್ಗ ತಾನಾಗಿ ನಿಲ್ಲುವುದು ಎಳೆ ಹರಿದಾಗಲ್ಲವೆ? ರೈಲೂ ಅದಕ್ಕೇ ನಿಂತಿದೆ. ಇಟಾರಸಿಯಲ್ಲಿ ಇಷ್ಟು ದೊಡ್ಡ ರೈಲಿನಲ್ಲಿ ಹರಿದ ಎಳೆಯನ್ನು ಹುಡುಕಲೆಂದು ಸೀಟಿನ ಕೆಳಗೆ ಬಗ್ಗಿ ನೋಡಿದಳು. ಈ ತಲೆ ಯಾರ ಕಡೆಯಿಂದ ಬಂತು? ನನ್ನ ಕಡೆಯಿಂದಂತೂ ಅಲ್ಲ.

ಏಪ್ರಿಲ್ 12, ಶನಿವಾರ, ಮನಾಲಿಯ ಮೇಲಿನ ಒಂದು ಹಳ್ಳಿ

ಮುಂಜಾನೆ ಬಸ್ಸಿನಲ್ಲಿ ಕಣ್ಣು ಬಿಟ್ಟೆ. ಬಿಳಿ ಮೋಡ ಅಂದುಕೊಂಡೆ. ಮೋಡವಲ್ಲ, ಬೆಟ್ಟ. ಕತ್ತು ಎಷ್ಟು ಎತ್ತಿದರೂ ತುದಿ ಮುಗಿಯಲಿಲ್ಲ. ಕ್ಯಾಲೆಂಡರಿನವನು ಮೋಸ ಮಾಡಿದ್ದಾನೆ, ಅರ್ಧವನ್ನೂ ಅಚ್ಚು ಹಾಕಿಲ್ಲ.

ಏಪ್ರಿಲ್ 13, ಭಾನುವಾರ

ಇವತ್ತು ಜಗಳವಾಯಿತು.

ನಾವು ಇಳಿದುಕೊಂಡ ಮನೆಯ ಒಡತಿ ಕೊಟ್ಟ ಕೋಣೆ ಮರದ್ದು, ಸೇಬಿನ ತೋಟದ ನಡುವೆ ಇದೆ. ಸಪ್ಪಳ ಎಂದರೆ ಏನೂ ಇಲ್ಲ. ಬಂದಾಗಿನಿಂದ ನನ್ನ ಕಿವಿಯೊಳಗೆ ಸಣ್ಣಗೆ ಮಗ್ಗ ನಡೆದಂತೆ ಕೇಳುತ್ತಿದೆ, ಅದೊಂದೇ. ನಿನ್ನೆಯಿಂದ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಐಶುವನ್ನು ಎದುರಿಗೆ ಕೂಡಿಸಿಕೊಂಡು ಮಾತು ಹೇಳಿಕೊಡುತ್ತಿದ್ದೇನೆ. ಅಪ್ಪ, ಅವ್ವ, ಹಾಲು, ಆಕಳು. ಎಲ್ಲಕ್ಕೂ ತುಟಿ ಮಾತ್ರ. ಇವತ್ತು ಅವಳಿಗೆ ಬೇಜಾರಾಗಿ ಕತ್ತು ತಿರುಗಿಸಿದಳು. ನಾನು ಗದ್ದ ಹಿಡಿದು ತಿರುಗಿಸಿಕೊಂಡೆ, ದನಿ ಏರಿಸಿದೆ. ಬಿಕ್ಕಿ ಬಿಕ್ಕಿ ಅತ್ತಳು.

ಮಧ್ಯಾಹ್ನ ಅವಳಿಗೆ ನಿದ್ದೆ ಬರಲೊಲ್ಲದು. ನಾನು ಮೊಬೈಲು ತೆಗೆದು ಮಗ್ಗದ ಸಪ್ಪಳ ಹಚ್ಚಿದೆ. ಗಂಗಾಂಬಿಕೆ ಬಾಗಿಲಲ್ಲಿ ನಿಂತಳು. ಮದುವೆಯಾಗಿ ಆರು ವರ್ಷದಲ್ಲಿ ಅವಳ ದನಿ ಇಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ.

“ಯಾವ ಸಪ್ಪಳಾ ಬಿಟ್ಟ ಓಡಿ ಬಂದೇವಿ, ಅದನ್ನ ಕಿಸೇದಾಗ ಹಾಕ್ಕೊಂಡ ಬಂದೀರಲ್ರೀ!”

“ಆಕಿಗೆ ನಿದ್ದಿ ಬರವಲ್ದು ಅಂತ...”

“ಬರಲಿಲ್ಲಂದ್ರ ಎದ್ದ ಕುಂಡ್ರತಾಳ. ಕೂಡ ನೀವೂ ಕುಂಡ್ರರಿ. ಆಕಿ ಏನ ಎಳಿ ಹರದ ಮಗ್ಗ ಅಲ್ಲ, ನೀವ ಗಂಟ ಹಾಕಿ ನಡಸಾಕ.”

ಮೊಬೈಲು ಕಸಿದು ತನ್ನ ಟ್ರಂಕಿಗೆ ಹಾಕಿ ಕೀಲಿ ತಿರುಗಿಸಿದಳು. ನಾನು ಹೊರಗೆ ಹೋಗಿ ಸೇಬಿನ ಗಿಡದ ಕೆಳಗೆ ನಿಂತೆ. ಗಿಡಗಳು ಹೂ ಬಿಟ್ಟಿವೆ. ಅವಳ ಮಾತು ಸುಳ್ಳು ಎನ್ನಲು ಒಂದು ಕಾರಣವಾದರೂ ಸಿಗುತ್ತದೆಯೋ ಎಂದು ಬಹಳ ಹೊತ್ತು ಹುಡುಕಿದೆ. ಯಾದಿಯನ್ನು ಹರಿಯಲಿಲ್ಲ, ಆದರೆ ಇವತ್ತು ತೆಗೆದು ನೋಡಲೂ ಇಲ್ಲ.

ಏಪ್ರಿಲ್ 14, ಸೋಮವಾರ

ಎಲ್ಲ ಕ್ರಮವಾಗಿ ಬರೆಯುತ್ತೇನೆ, ಒಂದೂ ಬಿಡುವುದಿಲ್ಲ.

ಬೆಳಿಗ್ಗೆ ಜೀಪು ಮಾಡಿಕೊಂಡು ಹೊರಟೆವು. ಬೆಟ್ಟದ ಹೊಟ್ಟೆಯಲ್ಲಿ ಒಂಬತ್ತು ಕಿಲೋಮೀಟರು ಸುರಂಗ. ಬನಹಟ್ಟಿಯಿಂದ ಪಕ್ಕದ ರಬಕವಿಗೆ ಹೋಗಿ ಬಂದು ಮತ್ತೊಮ್ಮೆ ಹೋದರೂ ಮುಗಿಯದಷ್ಟು ಉದ್ದ. ಅದರಾಚೆ ಹೊರಬಿದ್ದಾಗ ಕಣ್ಣು ಮುಚ್ಚಿಕೊಂಡೆ. ಎಲ್ಲ ಬಿಳಿ. ನೆಲ, ಬೆಟ್ಟ, ಮನೆಯ ಮಾಡು, ಎಲ್ಲ. ನಾನು ಹುಟ್ಟಿದಾಗಿನಿಂದ ಬಿಳಿ ನೂಲಿನ ನಡುವೆಯೇ ಬೆಳೆದವನು. ಬಿಳಿ ಎಂದರೆ ಏನೆಂದು ಇವತ್ತು ನೋಡಿದೆ.

ಜನರಿದ್ದ ಜಾಗ ದಾಟಿ ಡ್ರೈವರು ಇನ್ನೂ ಸ್ವಲ್ಪ ಮುಂದೆ ಕರೆದೊಯ್ದ. ಜೀಪು ನಿಲ್ಲಿಸಿ, ಬೀಡಿ ಸೇದಲು ರಸ್ತೆಯ ತಿರುವಿನ ಆಚೆ ಹೋದ. ನಾವು ಮೂವರೇ. ಗಂಗಾಂಬಿಕೆ ಐಶುವನ್ನು ಹಿಮದ ಮೇಲೆ ಇಳಿಸಿದಳು. ಕೆಂಪು ಟೋಪಿ, ಎರಡು ಸ್ವೆಟರು. ಗಾಳಿ ಇರಲಿಲ್ಲ. ಮೇಲಿಂದ ಹಿಮ ಬೀಳತೊಡಗಿತು. ಖರೆ, ಮಾಸ್ತರರು ಸುಳ್ಳು ಹೇಳಿರಲಿಲ್ಲ. ಅಷ್ಟೊಂದು ಬೀಳುತ್ತಿತ್ತು, ಒಂದಿಷ್ಟೂ ಸಪ್ಪಳವಿಲ್ಲ. ಇಡೀ ಜಗತ್ತಿನ ಮಗ್ಗಗಳನ್ನೆಲ್ಲ ಯಾರೋ ಒಮ್ಮೆಗೇ ನಿಲ್ಲಿಸಿದ ಹಾಗಿತ್ತು. ನನಗೆ ಏನೂ ಹೇಳಿಕೊಡಬೇಕು ಅನಿಸಲಿಲ್ಲ. ಬಾಯಿ ತೆರೆದುಕೊಂಡು ನಿಂತಿದ್ದೆ.

ಐಶು ಮೇಲೆ ನೋಡಿದಳು. ಕಿವಿ ಕೊಟ್ಟಳು, ಅದನ್ನು ಕಣ್ಣಾರೆ ಕಂಡೆ. ಬೆನ್ನು ನೆಟ್ಟಗೆ ಮಾಡಿದಳು. ತನ್ನ ಅವ್ವನ ಮುಖ ನೋಡಿದಳು. ನನ್ನ ಮುಖ ನೋಡಿದಳು. ಆಮೇಲೆ, ದನಿ ತೆಗೆದು, ನಮ್ಮ ಅವ್ವನ ರಾಗದಲ್ಲೇ ಎಳೆದು ಅಂದಳು:

“ಕಯೆಂಟ ಹೋತು!”

ಎಷ್ಟು ಸ್ಪಷ್ಟ! ಬೆಟ್ಟಕ್ಕೂ ಕೇಳಿರಬೇಕು.

ಗಂಗಾಂಬಿಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಾನು ಹಿಮದ ಮೇಲೆ ಹಾಗೇ ಕೂತುಬಿಟ್ಟೆ. ಚನಮಲ್ಲಪ್ಪ ಕಾಕಾ ಹೇಳಿದ್ದು ನೆನಪಾಯಿತು. ಅದಕ್ಕೆ ಸನ್ನೆ ಇಲ್ಲ, ಅದನ್ನು ಬಾಯಿಂದ ಅನ್ನುತ್ತಾರೆ. ಅವಳಿಗದು ಗೊತ್ತಿತ್ತು. ನಮ್ಮ ಮನೆಯಲ್ಲಿ ದನಿಯಿಂದ ಆಡುವ ಮಾತು ಯಾವುದು, ಅದಕ್ಕೆ ಹೊತ್ತು ಯಾವುದು, ಎಲ್ಲ ಗೊತ್ತಿತ್ತು. ಕರೆಂಟು ಹೋದಾಗಲೆಲ್ಲ ಜೋಳಿಗೆಯಲ್ಲಿ ಎದ್ದು ಕೂತು ನಮ್ಮ ಮುಖ ನೋಡುತ್ತಿದ್ದದ್ದು ಹೆದರಿಕೆಯಿಂದಲ್ಲ. ಈಗ ಮಾತಾಡುವ ಹೊತ್ತು ಬಂತು ಎಂದು ಕಾಯುತ್ತಿದ್ದಳು. ನಾನು ಪ್ರತಿಸಲವೂ ಕಂಬಕ್ಕೆ ಓಡುತ್ತಿದ್ದೆ.

ಇಲ್ಲಿ ಓಡಲು ಕಂಬವಿರಲಿಲ್ಲ. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು.

“ಹೌದ ನನ್ನವ್ವಾ,” ಎಂದೆ. “ಹೋತು.”

ಬಹಳ ಮೆಲ್ಲಗೆ ಬಂತು ಮಾತು. ಹೀಗೂ ನನಗೆ ಮಾತಾಡಲು ಬರುತ್ತದೆ. ಅಷ್ಟು ಹೇಳುವುದರಲ್ಲಿ ಕಣ್ಣು ತುಂಬಿ ಹರಿಯಿತು, ತಡೆಯಲಾಗಲಿಲ್ಲ. ಐಶು ಹಿಮದಲ್ಲಿ ಎರಡು ಹೆಜ್ಜೆ ಹಾಕಿ, ಒಮ್ಮೆ ಬಿದ್ದು, ಎದ್ದು ಬಂದಳು. ಕೈಗವಸಿನ ಪುಟ್ಟ ಕೈಯಿಂದ ನನ್ನ ಕೆನ್ನೆ ತಟ್ಟಿ ಸಮಾಧಾನ ಮಾಡಿದಳು.

“ಬತ್ತೈತಿ ತಗೋ.”

ಏಪ್ರಿಲ್ 15, ಮಂಗಳವಾರ

ಇವತ್ತು ಹೇಳಿದ ಮಾತುಗಳು: ಅಜ್ಜಿ, ಹಾಲು, ಕಾಕಾ, ಬ್ಯಾಡ, ಬ್ಯಾಡ, ಬ್ಯಾಡ. ಎಣಿಸುವುದನ್ನು ಬಿಟ್ಟೆ. ಮನೆಯೊಡತಿಯ ಆಕಳ ಹತ್ತಿರ ಕೂತು ಐಶುವೂ ನಾನೂ ಬಹಳ ಹೊತ್ತು ಮಾತಾಡಿದೆವು. ಅರ್ಧ ನನಗೆ ತಿಳಿಯಲಿಲ್ಲ. ಕೇಳುತ್ತ ಕೂತೆ.

ಏಪ್ರಿಲ್ 20, ಭಾನುವಾರ

ಕೃಷ್ಣೆಯ ಸೇತುವೆಯ ಮೇಲೆ ಬಿಲ್ಲೆಯನ್ನು ತಾನಾಗಿ ಹಾಕಿದಳು. “ಹೋತು,” ಅಂದಳು.

ಏಪ್ರಿಲ್ 21, ಸೋಮವಾರ, ಬನಹಟ್ಟಿ

ಮನೆಗೆ ಬಂದ ಮೊದಲ ದಿನವೇ ನನ್ನ ಎದೆ ಒಡೆಯಿತು. ಬೆಳಗಿನಿಂದ ಮಗ್ಗ ಬಡಿಯತೊಡಗಿದ್ದೇ ತಡ, ಐಶುವಿನ ದನಿ ಮತ್ತೆ ಒಳಗೆ ಹೋಯಿತು. ತುಟಿ, ಕೈ, ಸನ್ನೆ. ಅವಳು ಮಾಡುವುದೂ ಸರಿಯೇ, ಈ ಸಪ್ಪಳದಲ್ಲಿ ದನಿ ಯಾರಿಗೆ ಬೇಕು? ಎರಡು ಸಾವಿರ ಕಿಲೋಮೀಟರು ಹೋಗಿ ತಂದದ್ದನ್ನು ಒಂದೇ ದಿನದಲ್ಲಿ ಕಳೆದುಕೊಂಡೆನಲ್ಲ ಎಂದು ಮಧ್ಯಾಹ್ನದವರೆಗೂ ಲಾಳಿಯನ್ನೇ ನೋಡುತ್ತ ನಿಂತಿದ್ದೆ. ಗಂಗಾಂಬಿಕೆ ನನ್ನ ಕಡೆ ನೋಡಿದಳು. ಅವಳ ಕಣ್ಣು ಗೋಡೆಯ ಮೇನ್ ಸ್ವಿಚ್ಚಿನ ಕಡೆ ಹೋಗಿ ಬಂತು.

ನಾಲ್ಕು ಗಂಟೆಗೆ ನಾನೇ ಹೋಗಿ ಅದನ್ನು ಕೆಳಗೆ ಎಳೆದೆ.

ಮಗ್ಗ ನಾಲ್ಕೂ ನಿಂತವು. ಚನಮಲ್ಲಪ್ಪ ಕಾಕಾ ನನ್ನ ಮುಖ ನೋಡಿ ಸುಮ್ಮನೆ ಚಹಾಕ್ಕೆ ಹೊರಟರು. ಓಣಿಯ ಕಡೆಯ ಬಾಗಿಲು, ಕಿಟಕಿ ಎಲ್ಲ ಹಾಕಿದೆ. ನೆರೆಮನೆಯ ಸಪ್ಪಳ ದೂರ ಸರಿಯಿತು.

ಅವ್ವ ಅಡಿಗೆಮನೆಯಿಂದ ಕೂಗಿದಳು, “ಕರೆಂಟ ಹೋತೇನೋ ಸಿದ್ದೂ?”

“ಹೋತ ಬೇ ಯವ್ವಾ.”

“ಬಾಜೂ ಮನ್ಯಾಗ ನಡದಾವಲ್ಲೋ ಮಗ್ಗ?”

“ನಮ್ದಷ್ಟ ಹೋಗೈತಿ. ನೀನೂ ಬಾ ಇಲ್ಲಿ, ಕುಂಡ್ರು.”

ಐಶು ಜೋಳಿಗೆಯಲ್ಲಿ ಎದ್ದು ಕೂತಿದ್ದಳು. ತನ್ನ ಅವ್ವನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ನಾನು ಬಾಗಿಲ ಕಡೆ ಓಡುತ್ತೇನೋ ಎಂದು ಬಹಳ ಹೊತ್ತು ನನ್ನನ್ನು ನೋಡಿದಳು. ನಾನು ಅವಳ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ.

“ಅಪ್ಪಾ,” ಅಂದಳು. “ಯಾವಾಗ ಬತ್ತೈತಿ?”

“ಇನ್ನ ಒಂದ ತಾಸ ಬರಂಗಿಲ್ಲವ್ವಾ,” ಎಂದೆ. “ದಿನಾ ಇಷ್ಟೊತ್ತಿಗೆ ಹೋಗತೈತಿ.”